ಬಾಗಿಲಾಚೆಯ ದನಿ

ಕಳೆದ ತಿಂಗಳು ಆಫೀಸ್ ಕ್ಯಾಬಿನಲ್ಲಿ ನಡೆದದ್ದು. ಸಿಲ್ಕ್ ಬೋರ್ಡಿನಲ್ಲಿ ಗಾಡಿ ಎಂದಿನಂತೆ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗ, ಹೊಸದಾಗಿ ಟೀಮ್ ಸೇರಿದವನು, ನನ್ನ ಫೋನಿನ ಮೇಲೆ ಕಣ್ಣು ಹಾಯಿಸಿ, "ಸರ್, ಶಫಲ್ ಕೆಟ್ಟಿದೆಯಾ?" ಅಂದ. ಭೀಮಸೇನ ಜೋಶಿಯವರ ದಾಸವಾಣಿ ಮುಗಿದು ಥಿಯೇಟರ್ ಆಫ್ ಟ್ರಾಜಿಡಿ ಶುರುವಾಗಿತ್ತು. ಅದರ ಕೆಳಗೆ ಪಿ.ಬಿ. ಶ್ರೀನಿವಾಸ್, ಅದರ ಕೆಳಗೆ ಅಬ್ಬಾ, ಅದರ ಕೆಳಗೆ ನೈಟ್‌ವಿಶ್.

ಕೆಟ್ಟಿಲ್ಲಪ್ಪ, ನಾನೇ ಹೀಗೆ ಜೋಡಿಸಿದ್ದು ಅಂದೆ. "ಹಾಗಾದ್ರೆ ನೀವು ನಿಜವಾಗಿ ಏನು ಕೇಳ್ತೀರಾ?" ಅಂತ ಕೇಳಿದ. ಆ 'ನಿಜವಾಗಿ' ಅನ್ನೋ ಪದ ಮನೆ ತಲುಪಿದ ಮೇಲೂ ಬಿಡಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಹಾಸ್ಟೆಲಿನಲ್ಲೂ ಇದೇ ಪ್ರಶ್ನೆ ಇತ್ತು. ಆಗ ನಾನು ಹೆದರಿ ಸುಳ್ಳು ಹೇಳಿದ್ದೆ. ಈಗ ಹೇಳಬೇಕಾದ ಉತ್ತರ ಸ್ವಲ್ಪ ಉದ್ದ ಇದೆ, ಅದರೊಳಗೆ ನನ್ನದೇ ಒಂದು ತಪ್ಪೂ ಇದೆ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

2004ರಲ್ಲಿ ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲಿನಲ್ಲಿ ಸಂಗೀತ ಅಂದರೆ ಎಂಪಿ3 ಸಿಡಿ. ಒಂದರಲ್ಲಿ ನೂರೈವತ್ತು ಹಾಡು, ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿದ ಹೆಸರು, ಕೈಯಿಂದ ಕೈಗೆ ತಿರುಗಿ ಗೀರು ಬಿದ್ದ ಮೈ. ನಮ್ಮ ವಿಂಗಿನಲ್ಲಿ ಮೆಟಲ್ ಕೇಳುವ ಐದಾರು ಜನರ ಗುಂಪೊಂದಿತ್ತು. ಕಪ್ಪು ಟೀ ಶರ್ಟು, ಮೆಟಾಲಿಕಾ, ಸ್ಲೇಯರ್, ಐರನ್ ಮೇಡನ್. ಇವರ ಮಡಿ ಮೈಲಿಗೆ ನಮ್ಮಜ್ಜಿಯದ್ದಕ್ಕಿಂತ ಜೋರು. ಕೀಬೋರ್ಡ್ ಇದ್ದರೆ ಅರ್ಧ ಮೈಲಿಗೆ, ಹಾಡುವುದು ಹುಡುಗಿಯಾದರೆ ಪೂರ್ತಿ ಮೈಲಿಗೆ. "ಹೆಂಗಸರು ಹಾಡಿದ್ರೆ ಅದು ಮೆಟಲ್ಲೇ ಅಲ್ಲ ಕಣೋ" ಎಂದು ನನ್ನ ರೂಮ್‌ಮೇಟ್ ತೀರ್ಪು ಕೊಟ್ಟುಬಿಟ್ಟಿದ್ದ.

ಒಂದು ರಾತ್ರಿ ಯಾರದೋ ಸಿಡಿಯ ಕೊನೆಯಲ್ಲಿ ಹೆಸರು ಗೊತ್ತಿಲ್ಲದ ಒಂದು ಹಾಡು ಬಂತು. ಮೊದಲು ಗಂಡಸಿನ ಗುರುಗುಟ್ಟುವ ದನಿ. ನಾನು ಶಿವಮೊಗ್ಗದ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು. ಪರದೆಯ ಹಿಂದೆ ಬಣ್ಣದ ವೇಷ ಅಬ್ಬರಿಸುತ್ತಲ್ಲ, ಥೇಟ್ ಹಾಗೇ. ಅದರ ಮಧ್ಯೆಯೇ ಒಂದು ಹೆಣ್ಣುದನಿ ಬಂತು. ಕೂಗಾಟವಿಲ್ಲ, ಆತುರವಿಲ್ಲ, ದೂರದ ಮನೆಯಲ್ಲಿ ಯಾರೋ ಮಗು ಮಲಗಿಸುವಾಗ ಹಾಡಿಕೊಳ್ಳುವ ಹಾಗೆ. ಎರಡು ಹಾಡು ಒಟ್ಟಿಗೆ ಪ್ಲೇ ಆಗ್ತಿದೆ ಅಂದುಕೊಂಡು ವಿನ್‌ಆಂಪ್ ಮುಚ್ಚಿ ಮತ್ತೆ ತೆರೆದೆ. ಅದು ಒಂದೇ ಹಾಡು. ನಾರ್ವೆಯ ಥಿಯೇಟರ್ ಆಫ್ ಟ್ರಾಜಿಡಿ, ಹಾಡಿದವಳು ಲಿವ್ ಕ್ರಿಸ್ಟೀನ್ ಅಂತ ತಿಳಿಯಲು ನನಗೆ ಎರಡು ವಾರ ಬೇಕಾಯ್ತು. ಈ ಜಾತಿಯ ಸಂಗೀತಕ್ಕೆ ಗೋಥಿಕ್ ಮೆಟಲ್ ಅನ್ನುತ್ತಾರೆ ಅಂತಲೂ ಆಗಲೇ ತಿಳಿದದ್ದು.

ಗೋಥಿಕ್ ಅನ್ನೋ ಪದ ಹುಟ್ಟಿನಿಂದಲೇ ಒಂದು ಬೈಗುಳ. ರೋಮನ್ ಸಾಮ್ರಾಜ್ಯದ ಮೇಲೆ ದಾಳಿ ಮಾಡಿದ ಬುಡಕಟ್ಟಿನವರು ಗೋಥರು. ಅವರಾಗಿ ಸಾವಿರ ವರ್ಷವಾದ ಮೇಲೆ, 16ನೇ ಶತಮಾನದಲ್ಲಿ, ಇಟಲಿಯ ವಸಾರಿ ತನಗೆ ಹಿಡಿಸದ ಹಳೆಯ ಚೂಪು ಕಮಾನಿನ ಕಟ್ಟಡಗಳನ್ನು ಗೋಥರ ಅನಾಗರಿಕ ಶೈಲಿ ಅಂತ ಹಳಿದ. ಬೈಗುಳ ಹೆಸರಾಗಿ ಉಳಿಯಿತು. 1764ರಲ್ಲಿ ಹೊರೇಸ್ ವಾಲ್ಪೋಲ್ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಎಂಬ ಕೋಟೆ-ಭೂತದ ಕಾದಂಬರಿ ಬರೆದ. ಎರಡನೇ ಮುದ್ರಣದಲ್ಲಿ ಅದನ್ನು ಗೋಥಿಕ್ ಕಥೆ ಅಂತ ಕರೆದ. ಅಲ್ಲಿಂದ ಪಾಳು ಕೋಟೆ, ಕತ್ತಲ ಓಣಿ, ಬೀಗ ಹಾಕಿದ ಕೋಣೆಯ ಸಾಹಿತ್ಯಕ್ಕೆಲ್ಲ ಅದೇ ಹೆಸರು.

ಈ ಸಾಹಿತ್ಯವನ್ನು ಎತ್ತಿ ನಿಲ್ಲಿಸಿದವರಲ್ಲಿ ಹೆಂಗಸರು ಬಹಳ. ಆದರೆ ಹೆಸರು ಹೇಳಿಕೊಳ್ಳುವ ಹಾಗಿರಲಿಲ್ಲ. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' 1818ರಲ್ಲಿ ಬಂದಾಗ ಅದರ ಮೇಲೆ ಲೇಖಕಿಯ ಹೆಸರೇ ಇರಲಿಲ್ಲ. ಎಮಿಲಿ ಬ್ರಾಂಟಿಯ 'ವದರಿಂಗ್ ಹೈಟ್ಸ್' 1847ರಲ್ಲಿ ಎಲಿಸ್ ಬೆಲ್ ಎಂಬ ಗಂಡು ಹೆಸರಿನಲ್ಲಿ ಬಂತು. ಎಮಿಲಿಯ ಊರು ಇಂಗ್ಲೆಂಡಿನ ಯಾರ್ಕ್‌ಶೈರಿನ ಹಾವರ್ತ್. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಹ್ಯಾಲಿಫ್ಯಾಕ್ಸ್ ಹತ್ತಿರದ ಒಂದು ಶಾಲೆಯಲ್ಲಿ ಆಕೆ 1838ರಿಂದ ಕೆಲವು ತಿಂಗಳು ಟೀಚರಾಗಿದ್ದಳು. ಹ್ಯಾಲಿಫ್ಯಾಕ್ಸ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರ್ತೀವಿ.

ಆ ಕಾದಂಬರಿಯ ಶುರುವಿನಲ್ಲೇ ಒಂದು ರಾತ್ರಿ ಹಿಮ ಸುರಿಯುವಾಗ ಸತ್ತುಹೋದ ಕ್ಯಾಥರೀನಳ ಭೂತ ಕಿಟಕಿಯಾಚೆ ನಿಂತು ಒಳಗೆ ಬಿಡು ಅಂತ ಬೇಡುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು 'ನಾಳೆ ಬಾ'. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಬೀದಿಯ ಎಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಈ ಎರಡು ಪದ ಇರುತ್ತಿತ್ತು. ರಾತ್ರಿ ಹೆಣ್ಣುದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕತೆ ಮುಗೀತು. ಬರೆದಿದ್ದರೆ ಮಾತ್ರ ಅದು ಓದಿಕೊಂಡು ವಾಪಸ್ ಹೋಗುತ್ತದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತೆ ಅನ್ನುವುದರಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ. ಯಾರ್ಕ್‌ಶೈರಿಗೂ ಶಿವಮೊಗ್ಗಕ್ಕೂ ಸಂಬಂಧವಿಲ್ಲ, ನಿಜ. ಆದರೆ ಭಯದ ನಕ್ಷೆ ಒಂದೇ: ಒಳಗೆ ಸಂಸಾರ, ಹೊರಗೆ ಕತ್ತಲು, ನಡುವೆ ಬಾಗಿಲು, ಬಾಗಿಲಾಚೆ ಒಂದು ಹೆಣ್ಣುದನಿ.

1978ರಲ್ಲಿ ಕೇಟ್ ಬುಷ್ ಈ ಭೂತದ ಕಡೆಯಿಂದಲೇ ಹೇಳುವ ಒಂದು ಹಾಡು ಹೊರತಂದಳು. ಹೆಸರು ಕಾದಂಬರಿಯದ್ದೇ. ಆಗ ಆಕೆಗೆ ಹತ್ತೊಂಬತ್ತು. ಹಾಡು ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತಿತು. ತಾನೇ ಬರೆದ ಹಾಡಿನಿಂದ ಅಲ್ಲಿ ಆ ಸ್ಥಾನ ಮುಟ್ಟಿದ ಮೊದಲ ಮಹಿಳೆ ಆಕೆ. ಎಮಿಲಿ ಹುಟ್ಟಿದ್ದು ಜುಲೈ 30, ಕೇಟ್ ಹುಟ್ಟಿದ್ದೂ ಜುಲೈ 30. ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದೇ ಅಭಿಮಾನಿಯ ಕಾಯಿಲೆ. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಸೂಝಿ ಅಂಡ್ ದ ಬ್ಯಾನ್‌ಶೀಸ್ ಬ್ಯಾಂಡ್ ಇತ್ತು. ಬ್ಯಾನ್‌ಶೀ ಅಂದರೆ ಐರಿಷ್ ಜನರ ನಂಬಿಕೆಯಲ್ಲಿ ಸಾವಿನ ಮುನ್ಸೂಚನೆಯಾಗಿ ಮನೆಯ ಹೊರಗೆ ಗೋಳಾಡುವ ಹೆಣ್ಣು. ಅಂತೂ ಬಾಗಿಲಾಚೆಯ ದನಿ ಹಾಡು ಶುರು ಮಾಡಿತ್ತು. ಮೆಟಲ್ ಮನೆಯ ಬಾಗಿಲು ಮಾತ್ರ ಇನ್ನೂ ಹಾಕಿತ್ತು.

ಈ ಮನೆಯ ಮಡಿ ಎಷ್ಟು ಗಟ್ಟಿ ಅಂತ ಈಗ ನೋಡೋಣ. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ 1985ರ 'ಟು ಮೆಗಾ ಥೀರಿಯನ್' ಆಲ್ಬಮ್ಮಿನಲ್ಲೇ ಕ್ಲಾಡಿಯಾ ಮರಿಯಾ ಮೋಕ್ರಿ ಎಂಬಾಕೆಯ ದನಿಯನ್ನು ಅತಿಥಿಯಾಗಿ ಬಳಸಿತ್ತು. ಎರಡು ವರ್ಷದ ನಂತರ 'ಇನ್‌ಟು ದ ಪ್ಯಾಂಡಮೋನಿಯಂ' ಬಂತು. ಅದು ಶುರುವಾಗುವುದೇ ಅಮೆರಿಕದ ವಾಲ್ ಆಫ್ ವೂಡೂ ಎಂಬ ನ್ಯೂ ವೇವ್ ಬ್ಯಾಂಡಿನ ಹಾಡಿನಿಂದ! ಒಳಗೆ ತಂತಿವಾದ್ಯ, ಫ್ರೆಂಚ್‌ನಲ್ಲಿ ಬೋದಿಲೇರನ ಕವಿತೆ ಓದುವ ಹೆಂಗಸು, ಡ್ರಮ್ ಮಶೀನ್, ಎಲ್ಲ ಇದೆ. ಇನ್ನೊಂದು ಕಡೆ ಲೀಡ್ಸ್ ಊರಿನ ಸಿಸ್ಟರ್ಸ್ ಆಫ್ ಮರ್ಸಿ ಎಂಬ ಗಂಭೀರ ಕಪ್ಪು ಕನ್ನಡಕದವರು, ಅದೇ 1987ರಲ್ಲಿ, 'ದಿಸ್ ಕರೋಷನ್' ಹಾಡಿಗೆ ನ್ಯೂಯಾರ್ಕಿನ ದೊಡ್ಡ ಗಾಯನವೃಂದವನ್ನೇ ಕರೆಸಿದರು. ನಿರ್ಮಾಪಕ ಜಿಮ್ ಸ್ಟೈನ್‌ಮನ್, ಬಾನಿ ಟೈಲರ್ ಹಾಡಿದ 'ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್' ಬರೆದ ಮಹಾಶಯ. ಅಂದರೆ ಗೋಥಿಕ್ ಮೆಟಲ್ಲಿನ ವಂಶವೃಕ್ಷದಲ್ಲಿ ಅಪ್ಪಟ ಪಾಪ್ ಸಂಗೀತದ ಮುತ್ತಜ್ಜ ಇದ್ದಾನೆ. ಹಾಸ್ಟೆಲಿನಲ್ಲಿ ಇದು ಗೊತ್ತಿದ್ದಿದ್ದರೆ ಎಷ್ಟು ಜಗಳ ಗೆಲ್ಲುತ್ತಿದ್ದೆ!

ಈಗ ಹ್ಯಾಲಿಫ್ಯಾಕ್ಸಿಗೆ ವಾಪಸ್. ಉಣ್ಣೆ, ಕಾರ್ಪೆಟ್ ಗಿರಣಿಗಳ ಊರು. 1980ರ ದಶಕದ ಹೊತ್ತಿಗೆ ದೊಡ್ಡ ಗಿರಣಿಗಳು ಬಾಗಿಲು ಹಾಕಿದ್ದವು. ಅಲ್ಲಿ 1988ರಲ್ಲಿ ಕೆಲವು ಹುಡುಗರು ಸೇರಿ ಪ್ಯಾರಡೈಸ್ ಲಾಸ್ಟ್ ಎಂಬ ಬ್ಯಾಂಡ್ ಕಟ್ಟಿದರು. ಹೆಸರು ಮಿಲ್ಟನ್ ಕವಿಯದ್ದು. ಡೆತ್ ಮೆಟಲ್ಲಿನ ವೇಗ ತಗ್ಗಿಸಿ, ಸಿಸ್ಟರ್ಸ್ ಆಫ್ ಮರ್ಸಿಯ ಮಂಕು ಬೆಳಕು ಬೆರೆಸಿ 1991ರಲ್ಲಿ ಆಲ್ಬಮ್ ತಂದರು. ಅದರ ಹೆಸರೇ 'ಗೋಥಿಕ್'. ಒಂದು ಇಡೀ ಪ್ರಕಾರಕ್ಕೆ ಹೆಸರು ಕೊಟ್ಟ ಆಲ್ಬಮ್ ಇದು. ಇದರ ಮೊದಲ ಹಾಡಿನಲ್ಲಿ ನಿಕ್ ಹೋಮ್ಸ್ ಗುಡುಗುವಾಗ ಹಿಂದಿನಿಂದ ಒಂದು ಹೆಣ್ಣುದನಿ ಮೇಲೇರುತ್ತದೆ. ಸಾರಾ ಮ್ಯಾರಿಯನ್. ಅತಿಥಿ ಗಾಯಕಿ. ಬಂದಳು, ಕೆಲವು ಸಾಲು ಹಾಡಿದಳು, ಹೋದಳು. ಬ್ಯಾಂಡಿನ ಫೋಟೋದಲ್ಲಿ ಇಲ್ಲ. ಆದರೆ ಮುಂದಿನ ಹತ್ತು ವರ್ಷ ಯುರೋಪಿನ ನೂರಾರು ಬ್ಯಾಂಡುಗಳು ಹುಡುಕಿ ಹೊರಟಿದ್ದು ಆ ಕೆಲವು ಸಾಲುಗಳ ಪರಿಣಾಮವನ್ನೇ.

ಹಾಗೆ ಹುಡುಕಿದವರಲ್ಲಿ ನಾರ್ವೆಯ ಸ್ಟಾವಂಗರ್ ಊರಿನವರು ಮುಖ್ಯ. ಸ್ಟಾವಂಗರ್ ಅಂದರೆ ಸಮುದ್ರದೊಳಗಿನ ಎಣ್ಣೆಯಿಂದ ಶ್ರೀಮಂತವಾದ ಊರು. 1993ರಲ್ಲಿ ಅಲ್ಲಿ ಥಿಯೇಟರ್ ಆಫ್ ಟ್ರಾಜಿಡಿ ಶುರುವಾಯಿತು. ರೇಮಂಡ್ ರೋಹೊನ್ಯಿ ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ಹಾಡು ಬರೆಯುತ್ತಿದ್ದ. ಹದಿಹರೆಯದ ಲಿವ್ ಕ್ರಿಸ್ಟೀನ್ ಮೊದಲು ಸೇರಿದ್ದು ಹಿನ್ನೆಲೆ ದನಿಗಾಗಿ. 1995ರ ಮೊದಲ ಆಲ್ಬಮ್ಮಿನ ಹೊತ್ತಿಗೆ ಆಕೆ ಹಿನ್ನೆಲೆಯಲ್ಲಿ ಉಳಿದಿರಲಿಲ್ಲ. ಹಾಡುಗಳು ನಾಟಕದ ಸಂಭಾಷಣೆಯಂತೆ, ಗಂಡು ಗುಡುಗಿ ಒಂದು ಮಾತು, ಹೆಣ್ಣು ತಣ್ಣಗೆ ಒಂದು ಉತ್ತರ. ಇದಕ್ಕೆ 'ಬ್ಯೂಟಿ ಅಂಡ್ ದ ಬೀಸ್ಟ್' ಶೈಲಿ ಅಂತ ಹೆಸರು ಬಿತ್ತು. ಅದೇ ಊರಿನಿಂದ ಟ್ರಿಸ್ಟಾನಿಯಾ, ಪಕ್ಕದ ಬ್ರೂನೆಯಿಂದ ದ ಸಿನ್ಸ್ ಆಫ್ ದೈ ಬಿಲವೆಡ್ ಬಂದವು.

1998ರಲ್ಲಿ ಥಿಯೇಟರ್ ಆಫ್ ಟ್ರಾಜಿಡಿಯ 'ಈಜಿಸ್' ಬಂತು. ಎಂಟು ಹಾಡು, ಎಂಟಕ್ಕೂ ಪುರಾಣ, ಇತಿಹಾಸದ ಹೆಣ್ಣುಗಳ ಹೆಸರು. ಮೊದಲನೆಯದು ಕಸಾಂಡ್ರಾ. ಮುಂದಾಗುವುದೆಲ್ಲ ಗೊತ್ತಿದ್ದೂ ಯಾರೂ ನಂಬದ ಶಾಪ ಹೊತ್ತ ಟ್ರಾಯ್ ನಗರದ ರಾಜಕುಮಾರಿ. ಐದು ವರ್ಷದ ನಂತರ, 2003ರಲ್ಲಿ, ಬ್ಯಾಂಡು ಲಿವ್ ಕ್ರಿಸ್ಟೀನಳನ್ನು ಕೈಬಿಟ್ಟಿತು. ಯಾವ ದನಿಯಿಂದ ಜಗತ್ತು ಆ ಬ್ಯಾಂಡನ್ನು ಗುರುತಿಸುತ್ತಿತ್ತೋ ಆ ದನಿಯನ್ನೇ. ಆಕೆ ಸುಮ್ಮನೆ ಕೂರಲಿಲ್ಲ, ಅದೇ ವರ್ಷ ಲೀವ್ಸ್ ಐಸ್ ಬ್ಯಾಂಡ್ ಶುರು ಮಾಡಿದಳು. 2004ರಲ್ಲಿ ಇಂಗ್ಲೆಂಡಿನ ಕ್ರೇಡಲ್ ಆಫ್ ಫಿಲ್ತ್ ಜೊತೆ ಹಾಡಿದ 'ನಿಂಫೆಟಮೀನ್' ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಅಲ್ಲೂ ಆಕೆ ಅತಿಥಿಯೇ. 2016ರಲ್ಲಿ ತಾನೇ ಕಟ್ಟಿದ ಲೀವ್ಸ್ ಐಸ್‌ನಿಂದಲೂ ಹೊರಗೆ.

ಎಲ್ಲರ ಕತೆಯೂ ಹೀಗೇ ಅಲ್ಲ. ನೆದರ್‌ಲ್ಯಾಂಡ್ಸಿನ ಓಸ್ ಊರಿನ ದ ಗ್ಯಾದರಿಂಗ್ ಎರಡು ಆಲ್ಬಮ್ ಮಾಡಿ ದಾರಿ ಸಿಗದೆ ನಿಂತಿತ್ತು. 1994ರಲ್ಲಿ ಆನೆಕ ವಾನ್ ಗೀರ್ಸ್‌ಬರ್ಗನ್ ಬಂದಳು. 1995ರ 'ಮ್ಯಾಂಡಿಲಿಯನ್' ಕೇಳಿ ನೋಡಿ. ಗುರುಗುಟ್ಟುವ ಗಂಡಸು ಇಲ್ಲವೇ ಇಲ್ಲ, ಆದ್ದರಿಂದ ಆಕೆ ಯಾರಿಗೂ ಉತ್ತರ ಕೊಡಬೇಕಿಲ್ಲ. ಒಪೆರಾದ ಗತ್ತಿಲ್ಲ, ಭೂತದ ನಟನೆಯಿಲ್ಲ. ಬೆಳಗ್ಗೆ ಕಿಟಕಿ ತೆಗೆದು ಹಾಡುವವಳ ಹಾಗೆ ಎದೆ ತುಂಬ ಹಾಡುತ್ತಾಳೆ, ಹಿಂದೆ ಗಿಟಾರುಗಳು ಮೋಡದಂತೆ ಸಾಗುತ್ತವೆ. ಬಾಗಿಲಾಚೆಯ ದನಿ ಮನೆಯೊಳಗೆ ಬಂದು ನಡುಮನೆಯಲ್ಲಿ ಕೂತದ್ದು ಇಲ್ಲೇ ಅಂತ ನನ್ನ ನಂಬಿಕೆ. 2007ರಲ್ಲಿ ಆಕೆ ಬ್ಯಾಂಡ್ ಬಿಟ್ಟಳು, ತಾನಾಗಿಯೇ. ಇಟಲಿಯ ಲಕೂನಾ ಕಾಯಿಲ್‌ನಲ್ಲಂತೂ ಕ್ರಿಸ್ಟೀನಾ ಸ್ಕಾಬಿಯಾ ಮತ್ತು ಆಂಡ್ರಿಯಾ ಫೆರ್ರೋ 1990ರ ದಶಕದಿಂದ ಇಂದಿನವರೆಗೂ ಪಕ್ಕಪಕ್ಕ ನಿಂತು ಹಾಡುತ್ತಿದ್ದಾರೆ. ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ.

ಅಮೆರಿಕದ ಕತೆ ಇನ್ನೂ ಮಜವಾಗಿದೆ. 2003ರಲ್ಲಿ ಇವಾನೆಸೆನ್ಸ್ ಬ್ಯಾಂಡಿನ 'ಬ್ರಿಂಗ್ ಮಿ ಟು ಲೈಫ್' ನಮ್ಮ ಹಾಸ್ಟೆಲಿನ ಟೀವಿಯವರೆಗೂ ಬಂತು. ಹಾಡುವವಳು ಏಮಿ ಲೀ. ಬರೆದವರಲ್ಲೂ ಆಕೆಯೇ ಮುಂದೆ. ಆದರೆ ಹೆಣ್ಣುದನಿ ಒಂದೇ ಇದ್ದರೆ ರೇಡಿಯೋದಲ್ಲಿ ಓಡಲ್ಲ, ಗಂಡುದನಿ ಬೇಕೇ ಬೇಕು ಅಂತ ರೆಕಾರ್ಡ್ ಕಂಪನಿ ಪಟ್ಟು ಹಿಡಿಯಿತು. ಆಕೆಗೆ ಇಷ್ಟವಿಲ್ಲದಿದ್ದರೂ ಪಾಲ್ ಮೆಕಾಯ್ ಎಂಬ ಬೇರೆ ಬ್ಯಾಂಡಿನ ಗಾಯಕ ಬಂದು ನಡುನಡುವೆ ಕೂಗಿ ಹೋದ. ಹನ್ನೆರಡು ವರ್ಷದ ಹಿಂದೆ ಹೆಣ್ಣು ಅತಿಥಿಯಾಗಿ ಬಂದಿದ್ದಳು. ಈಗ ಹೆಣ್ಣಿನ ಮನೆಗೇ ಬಲವಂತದ ಅತಿಥಿ! ಬ್ಯಾಂಡಿಗೆ ಎರಡು ಗ್ರ್ಯಾಮಿ ಬಂದವು. 2017ರ 'ಸಿಂಥೆಸಿಸ್' ಆಲ್ಬಮ್ಮಿನಲ್ಲಿ ಏಮಿ ಅದೇ ಹಾಡನ್ನು ಆರ್ಕೆಸ್ಟ್ರಾ ಜೊತೆ ಮತ್ತೆ ಮಾಡಿದಳು, ಆ ಗಂಡುದನಿ ಇಲ್ಲದೆ. ಹದಿನಾಲ್ಕು ವರ್ಷ ಕಾದು ತನ್ನ ಹಾಡನ್ನು ತಾನು ವಾಪಸ್ ಪಡೆದಳು.

ಈಗ ನನ್ನ ತಪ್ಪಿನ ವಿಷಯ. ಅದಕ್ಕೆ ಫಿನ್ಲೆಂಡಿಗೆ ಹೋಗಬೇಕು.

ರಷ್ಯಾ ಗಡಿ ಹತ್ತಿರದ ಕಿತೇ ಎಂಬ ಸಣ್ಣ ಊರಿನ ಟುಮಾಸ್ ಹೋಲೊಪೈನನ್‌ಗೆ 1996ರ ಬೇಸಿಗೆಯ ಒಂದು ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಾಗ ಒಂದು ಯೋಚನೆ ಬಂತು. ಅಕೌಸ್ಟಿಕ್ ಗಿಟಾರು, ಕೀಬೋರ್ಡು, ಒಂದು ಹೆಣ್ಣುದನಿ, ಅಷ್ಟೇ ಇರುವ ಬ್ಯಾಂಡು. ಶಾಸ್ತ್ರೀಯ ಗಾಯನ ಕಲಿಯುತ್ತಿದ್ದ ಟಾರ್ಯಾ ಟುರುನೆನ್‌ಳನ್ನು ಕರೆದ. ಆದರೆ ಆಕೆಯ ದನಿ ಆ ಹೊತ್ತಿಗೆ ಎಷ್ಟು ಬಲವಾಗಿತ್ತೆಂದರೆ ಪಾಪ ಆ ಗಿಟಾರು ಅದರ ಮುಂದೆ ನಿಲ್ಲಲಿಲ್ಲ. ಅದಕ್ಕೇ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿದರು. ಹಾಗೆ ಹುಟ್ಟಿದ್ದು ನೈಟ್‌ವಿಶ್. ಗೋಥಿಕ್ ಅನ್ನುವುದಕ್ಕಿಂತ ಸಿಂಫೋನಿಕ್ ಮೆಟಲ್ ಅನ್ನಬೇಕು ಅಂತ ತಿಳಿದವರು ತಿದ್ದುತ್ತಾರೆ, ಸರಿ. ನನಗೆ ಮುಖ್ಯವಾದದ್ದು ಬೇರೆ. ಇಲ್ಲಿ ಮೆಟಲ್ಲಿಗೆ ಹೆಣ್ಣುದನಿ ಅಲಂಕಾರವಾಗಿ ಬಂದದ್ದಲ್ಲ, ಹೆಣ್ಣುದನಿಗೆ ಸಮನಾಗಿ ನಿಲ್ಲಲು ಮೆಟಲ್ ಬಂತು.

ಒಂಬತ್ತು ವರ್ಷದ ನಂತರ, 2005ರ ಅಕ್ಟೋಬರ್ 21ರ ರಾತ್ರಿ, ಹೆಲ್ಸಿಂಕಿಯಲ್ಲಿ ಸಾವಿರಾರು ಜನರೆದುರು ಕಛೇರಿ ಮುಗಿಸಿದ ಟಾರ್ಯಾಳ ಕೈಗೆ ಉಳಿದ ನಾಲ್ವರು ಒಂದು ಪತ್ರ ಕೊಟ್ಟರು. ನಾಲ್ವರ ಸಹಿ ಇತ್ತು. ಇನ್ನು ಮುಂದೆ ನೀನು ಬೇಡ ಅನ್ನುವುದು ತಾತ್ಪರ್ಯ. ಆಕೆಗೆ ದುಡ್ಡಿನ ಯೋಚನೆ ಹೆಚ್ಚಾಯಿತು, ಗಂಡ ತಲೆಕೆಡಿಸಿದ, ಧೋರಣೆ ಬದಲಾಯಿತು ಅನ್ನುವುದು ದೂರು. ಅದೇ ಪತ್ರವನ್ನು ಬ್ಯಾಂಡಿನ ವೆಬ್‌ಸೈಟಿನಲ್ಲಿ ಜಗತ್ತಿಗೆಲ್ಲ ಓದಲು ಹಾಕಿದರು. ಆಕೆಯೂ ಮುಂದೆ ಬಹಿರಂಗವಾಗಿ ಉತ್ತರ ಕೊಟ್ಟಳು.

ನಾನು ಆ ಪತ್ರವನ್ನು ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಹಾಸ್ಟೆಲಿಗೆ ತಂದೆ. ಪುಟಕ್ಕೆ ಎರಡು ರೂಪಾಯಿ. ಎರಡು ವರ್ಷದಿಂದ ಕದ್ದು ಕೇಳುತ್ತಿದ್ದ ಬ್ಯಾಂಡಿನ ಬಗ್ಗೆ ಗುಂಪಿನಲ್ಲಿ ಮೊದಲ ಬಾರಿ ಬಾಯಿ ಬಿಟ್ಟೆ. ಹೇಳಿದ್ದೇನು ಗೊತ್ತಾ? "ಸರಿಯಾಗೇ ಮಾಡಿದ್ರು. ಹಾಡು ಬರೆಯೋನು ಟುಮಾಸ್, ಇವಳು ಬರೀ ಹಾಡೋಳು. ಹೆಸರು ಬಂದ ತಕ್ಷಣ ತಲೆ ತಿರುಗಿತು" ಅಂದೆ. ಎಲ್ಲರೂ ತಲೆಯಾಡಿಸಿದರು. ರೂಮ್‌ಮೇಟ್ ಬೆನ್ನು ತಟ್ಟಿದ. ಗುಂಪಿನ ಒಳಗೆ ನನಗೆ ಜಾಗ ಸಿಕ್ಕಿದ್ದು ಆ ರಾತ್ರಿಯೇ, ಆಕೆಯನ್ನು ಹೊರಗೆ ಹಾಕಿದ್ದು ಸರಿ ಅಂತ ಹೇಳಿದ್ದರಿಂದ. ನನ್ನನ್ನು ಎಷ್ಟೋ ಪರೀಕ್ಷೆಯ ರಾತ್ರಿಗಳಲ್ಲಿ ಕಾಪಾಡಿದ ದನಿ ಅದು.

ವರ್ಷಗಳಾದವು. ನಾನಿದ್ದ ಒಂದು ಕಂಪನಿಯಲ್ಲಿ ನಮ್ಮ ಟೀಮಿನ ಲೀಡ್ ಒಬ್ಬರಿದ್ದರು. ನಾವೆಲ್ಲ ಕೆಲಸ ಕಲಿತದ್ದು ಅವರಿಂದ. ಮ್ಯಾನೇಜರಿಗೂ ಅವರಿಗೂ ಸರಿಬರಲಿಲ್ಲ. ಒಂದು ಶುಕ್ರವಾರ ಸಂಜೆ ಮ್ಯಾನೇಜರ್ ನನ್ನನ್ನು ಕರೆದು, ಅವರು ಕಂಪನಿ ಬಿಡುತ್ತಿದ್ದಾರೆ, ಇಡೀ ಟೀಮಿಗೆ ಹೋಗುವ ಮೇಲ್ ಇದು, ಇಂಗ್ಲಿಷ್ ಒಂಚೂರು ನೋಡಿ ಕೊಡು ಅಂದರು. ನೋಡಿದೆ. ಧೋರಣೆ, ಆದ್ಯತೆಗಳು, ತಂಡದ ಹಿತ, ಇಂಥ ಪದಗಳು. ಅವರಿಗೆ ಇನ್ನೂ ಹೇಳಿರಲೇ ಇಲ್ಲ ಅಂತ ನನಗೆ ಗೊತ್ತಿತ್ತು. ಮಧ್ಯಾಹ್ನವಷ್ಟೇ ಒಟ್ಟಿಗೆ ಊಟ ಮಾಡಿದ್ದೆವು. ನಾನು ಎರಡು ಕಾಮಾ ಹಾಕಿ, ಒಂದು ವಾಕ್ಯ ತಿದ್ದಿ ವಾಪಸ್ ಕಳಿಸಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲೋ ಓದಿದ ಹಾಗಿದೆಯಲ್ಲ ಈ ಮೇಲು ಅಂತ ಕೊರೆಯುತ್ತಿತ್ತು. ಎದ್ದು ಲ್ಯಾಪ್‌ಟಾಪ್ ತೆಗೆದು ನೈಟ್‌ವಿಶ್ ಪತ್ರ ಹುಡುಕಿ ಓದಿದೆ. ಇಪ್ಪತ್ತರ ವಯಸ್ಸಿನಲ್ಲಿ ಅದು ನನಗೆ ನೊಂದ ಕಲಾವಿದನ ಪ್ರಾಮಾಣಿಕ ಮಾತಾಗಿ ಕಂಡಿತ್ತು. ಈಗ ಓದಿದರೆ ಒಂದು ಕಡೆಯವರು ಮಾತ್ರ ಬರೆದ, ಇನ್ನೊಂದು ಕಡೆಯವರಿಗೆ ಎಲ್ಲರೆದುರು ಓದಿಸಿದ ಕಾಗದ. ಟುಮಾಸ್‌ನ ದೂರುಗಳಲ್ಲಿ ನಿಜವೂ ಇದ್ದಿರಬಹುದು, ಒಟ್ಟಿಗೆ ಬಸ್ಸಿನಲ್ಲಿ ವರ್ಷಗಟ್ಟಲೆ ತಿರುಗಿದವರಿಗೆ ಮಾತ್ರ ಗೊತ್ತಿರುವ ನಿಜ. ಅದನ್ನು ತೀರ್ಮಾನಿಸಲು ನಾನ್ಯಾರು? ಆದರೆ 'ಇವಳು ಬರೀ ಹಾಡೋಳು' ಅಂದಿದ್ದೆನಲ್ಲ, ಅದು ಮಾತ್ರ ಸುಳ್ಳು. ಆ ದನಿ ಇದ್ದದ್ದಕ್ಕೇ ಅದು ಮೆಟಲ್ ಬ್ಯಾಂಡ್ ಆದದ್ದು. ಹಾಡುವುದು 'ಬರೀ' ಹೇಗಾಗುತ್ತದೆ?

ಮುಂದಿನ ಇತಿಹಾಸ ಬೇಗ ಹೇಳಿಬಿಡ್ತೀನಿ. 2007ರಲ್ಲಿ ಸ್ವೀಡನ್ನಿನ ಆನೆಟ್ ಓಲ್ಜನ್ ನೈಟ್‌ವಿಶ್‌ಗೆ ಬಂದಳು. ಟಾರ್ಯಾ ಹಾಗೆ ಹಾಡಲ್ಲ ಅಂತ ಅಭಿಮಾನಿಗಳು ಬೈದರು. 2012ರಲ್ಲಿ ಅಮೆರಿಕ ಪ್ರವಾಸದ ಮಧ್ಯೆ ಆಕೆಯೂ ಹೊರಗೆ. ತುರ್ತಾಗಿ ನೆದರ್‌ಲ್ಯಾಂಡ್ಸಿನಿಂದ ಫ್ಲೋರ್ ಯಾನ್ಸೆನ್ ವಿಮಾನ ಹತ್ತಿ ಬಂದು ಉಳಿದ ಕಛೇರಿಗಳನ್ನು ನಡೆಸಿಕೊಟ್ಟಳು, ಅಲ್ಲೇ ನಿಂತಳು. ಪತ್ರಕ್ಕೆ ಸಹಿ ಹಾಕಿದ ನಾಲ್ವರಲ್ಲಿ ಒಬ್ಬನಾದ ಮಾರ್ಕೋ ಹಿಯೆಟಾಲಾ 2021ರಲ್ಲಿ ಬ್ಯಾಂಡ್ ಬಿಟ್ಟ. ಈಚಿನ ವರ್ಷಗಳಲ್ಲಿ ಆತನೂ ಟಾರ್ಯಾಳೂ ಒಂದೇ ವೇದಿಕೆಯಲ್ಲಿ ಹಾಡುತ್ತಿದ್ದಾರೆ. ಆ ವಿಡಿಯೋ ಮೊದಲ ಸಲ ನೋಡಿದಾಗ ಕಣ್ಣು ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇನ್ನು ಮಡಿಯ ವಿಷಯ. ಈ ಗಾಯಕಿಯರು ಏನು ಕೇಳ್ತಾರೆ, ಏನು ಹಾಡ್ತ್ತಾರೆ ಅಂತ ನೋಡಿದರೆ ನನ್ನ ಪ್ಲೇಲಿಸ್ಟ್ ಏನೇನೂ ಅಲ್ಲ. ನೈಟ್‌ವಿಶ್ ಬಿಟ್ಟ ಮರುವರ್ಷವೇ ಟಾರ್ಯಾ ತಂದದ್ದು ಕ್ರಿಸ್‌ಮಸ್ ಹಾಡುಗಳ ಆಲ್ಬಮ್. ವಿದಿನ್ ಟೆಂಪ್ಟೇಷನ್‌ನ ಶರೋನ್ ಡೆನ್ ಅಡೆಲ್ 2003ರಲ್ಲೇ ಕೇಟ್ ಬುಷ್ ಹಾಡನ್ನು ಮತ್ತೆ ಹಾಡಿದ್ದಳು. ಲಕೂನಾ ಕಾಯಿಲ್ ಹಾಡಿದ್ದು ಡೆಪೆಷ್ ಮೋಡ್. ಆನೆಕ ಒಮ್ಮೆ ಡೆವಿನ್ ಟೌನ್‌ಸೆಂಡ್‌ನ ಗದ್ದಲದ ನಡುವೆ ಇರುತ್ತಾಳೆ, ಮತ್ತೊಮ್ಮೆ ಐಸ್‌ಲ್ಯಾಂಡಿನ ಆರ್‌ಸ್ಟಿದಿರ್ ಜೊತೆ ಹಳೆಯ ಶಾಸ್ತ್ರೀಯ, ಜಾನಪದ ಹಾಡುಗಳಲ್ಲಿ. ಫ್ಲೋರ್ 2019ರಲ್ಲಿ 'ಬೆಸ್ಟೆ ಸಾಂಗರ್ಸ್' ಎಂಬ ಡಚ್ ಟೀವಿ ಕಾರ್ಯಕ್ರಮಕ್ಕೆ ಹೋಗಿ ಸಿಕ್ಕ ಸಿಕ್ಕ ಶೈಲಿಯಲ್ಲೆಲ್ಲ ಹಾಡಿ, ಮೆಟಲ್ ಹೆಸರೇ ಕೇಳದ ಅಜ್ಜಿಯರ ಮನಸ್ಸನ್ನೂ ಗೆದ್ದಳು. ಇವರ್ಯಾರಿಗೂ 'ನಿಜವಾಗಿ ಏನು' ಅನ್ನೋ ಪ್ರಶ್ನೆ ಕಾಡಿದ ಹಾಗಿಲ್ಲ. ಅದು ಕಾಡುವುದು ಬಾಗಿಲು ಕಾಯುವವರಿಗೆ. ನಾನೂ ಕೆಲವು ಕಾಲ ಆ ಬಾಗಿಲು ಕಾದಿದ್ದೇನೆ, ಒಳಗೆ ನಿಲ್ಲಲು ಜಾಗ ಸಿಗಲಿ ಅಂತ.

ಆ ಲೀಡ್‌ಗೆ ಎರಡು ತಿಂಗಳಾದ ಮೇಲೆ ಫೋನ್ ಮಾಡಿದೆ. ಧೈರ್ಯ ಬರಲು ಅಷ್ಟು ದಿನ ಬೇಕಾಯ್ತು. ಬೇರೆ ಕಡೆ ಕೆಲಸ ಸಿಕ್ಕಿತ್ತು ಅವರಿಗೆ. ಅದು ಇದು ಮಾತಾಡಿ ಕೊನೆಗೆ, ಆ ಮೇಲ್ ತಿದ್ದಿದ್ದು ನಾನೇ, ನಿಮಗೆ ಮೊದಲೇ ಹೇಳಬೇಕಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೇ ಅಂದ್ಕೊಂಡೆ, ಆ ಮನುಷ್ಯನಿಗೆ ಕಾಮಾ ಹಾಕೋಕೆ ಎಲ್ಲಿ ಬರುತ್ತೆ" ಅಂತ ನಕ್ಕರು. ನಕ್ಕು, "ನೀನು ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು ಕಣೋ, ಆವತ್ತು ರಾತ್ರಿ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ.

ಕ್ಯಾಬಿನ ಹುಡುಗನಿಗೆ ಮೊನ್ನೆ ಪ್ಲೇಲಿಸ್ಟ್ ಕಳಿಸಿದೆ. 'ಗೋಥಿಕ್'ನಿಂದ ಶುರು, 'ಈಜಿಸ್', 'ಮ್ಯಾಂಡಿಲಿಯನ್', ಗಂಡುದನಿ ಇಲ್ಲದ 'ಬ್ರಿಂಗ್ ಮಿ ಟು ಲೈಫ್', ನಡುವೆ ಒಂದು ಕೇಟ್ ಬುಷ್, ಕೊನೆಗೆ ಭೀಮಸೇನ ಜೋಶಿ. ಸಾರಾ ಮ್ಯಾರಿಯನ್ ಹೆಸರನ್ನು ಬೇರೆಯಾಗಿ ಟೈಪ್ ಮಾಡಿ ಕಳಿಸಿದೆ, ಯಾಕಂದ್ರೆ ಹಾಡಿನ ಪಕ್ಕ ಆ ಹೆಸರು ಕಾಣಿಸುವುದಿಲ್ಲ. "ಸರ್, ಎರಡನೇ ಹಾಡು ಪ್ಲೇ ಮಾಡಿದ್ರೆ ಎರಡೆರಡು ಹಾಡು ಒಟ್ಟಿಗೆ ಕೇಳಿಸ್ತಿದೆ" ಅಂತ ಮೆಸೇಜ್ ಹಾಕಿದ್ದಾನೆ. ಕೆಟ್ಟಿಲ್ಲಪ್ಪ, ಕೇಳು ಅಂದಿದ್ದೇನೆ.